ಹತ್ತು ನಿಮಿಷದ ಧ್ಯಾನ ಮತ್ತು ಇನ್ನೂ ಬಾರದ ಆಪ್ತಸಮಾಲೋಚಕರು: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನನ್ನ ಎರಡು ಮನವಿಗಳು ತಮ್ಮ ಕಚೇರಿಯಲ್ಲಿವೆ. ಎರಡಕ್ಕೂ ಸ್ವೀಕೃತಿಯ ಮೊಹರು ಬಿತ್ತು, ಉತ್ತರ ಬರಲಿಲ್ಲ. ಮಗಳು ಓದುವ ಸರ್ಕಾರಿ ಪದವಿಪೂರ್ವ ಕಾಲೇಜಿನ ಅಭಿವೃದ್ಧಿ ಸಮಿತಿಗೆ ತಾವೇ ಅಧ್ಯಕ್ಷರಾದ್ದರಿಂದ ಮೂರನೆಯದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಶಾಲಾ ಕಾಲೇಜುಗಳಲ್ಲಿ ದಿನಕ್ಕೆ ಹತ್ತು ನಿಮಿಷ ಧ್ಯಾನವಿರಲಿ ಎಂದು 2022ರ ನವೆಂಬರಿನಲ್ಲಿ ಅಂದಿನ ಶಿಕ್ಷಣ ಸಚಿವರು ಹೇಳಿದ್ದು ತಮಗೆ ನೆನಪಿರಬಹುದು. ನಮ್ಮಲ್ಲಿ ಅದು ಪ್ರಾರ್ಥನೆಯ ನಂತರ ಬೇವಿನ ಮರಕ್ಕೆ ಕಟ್ಟಿದ ಧ್ವನಿವರ್ಧಕದಿಂದ ನಡೆಯುತ್ತದೆ. ಗರಗರ ಎನ್ನುವ ಮೈಕಿನಲ್ಲಿ ಯಾರದೋ ರೆಕಾರ್ಡ್ ಮಾಡಿದ ದನಿ 'ಉಸಿರನ್ನು ಗಮನಿಸಿ' ಎನ್ನುತ್ತದೆ. ಮಕ್ಕಳು ಜಲ್ಲಿಯ ಮೇಲೆ ಕೂತು ಕಣ್ಣು ಮುಚ್ಚಬೇಕು. ಒಬ್ಬ ಉಪನ್ಯಾಸಕರು ಸಾಲಿನ ನಡುವೆ ಬೆತ್ತ ಹಿಡಿದು ಓಡಾಡಿದರೆ ಇನ್ನೊಬ್ಬರು ವಾಟ್ಸ್ಆಪ್ ಗುಂಪಿಗೆ ಹಾಕಲು ಫೋಟೊ ತೆಗೆಯುತ್ತಾರೆ. ಶಾಂತಿಗೂ ಸಾಕ್ಷಿ ಬೇಕಲ್ಲ!

ಕಳೆದ ಯುಗಾದಿಗೆ ಒಂದು ವಾರ ಮುಂಚೆ ನನ್ನ ಪತಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಬೈಕಿನ ಹಿಂದಿನ ಸೀಟಿನಲ್ಲಿದ್ದವಳು ಇದೇ ಮಗಳು. ಆಮೇಲೆ ದೀಪ ಆರಿಸಿದರೆ ಮಲಗುವುದಿಲ್ಲ, ಕಣ್ಣು ಮುಚ್ಚಿದರೆ ಆ ತಿರುವು ಕಾಣುತ್ತದೆ ಎನ್ನುತ್ತಾಳೆ. ಆಗಸ್ಟಿನ ಒಂದು ಬೆಳಿಗ್ಗೆ ಧ್ಯಾನದ ನಡುವೆ ಅವಳಿಗೆ ಏದುಸಿರು ಬಂದು, ಕೈ ನಡುಗಿ, ಕಣ್ಣು ಬಿಟ್ಟು ಎದ್ದು ನಿಂತಳು. ಉಪನ್ಯಾಸಕರು ಅದನ್ನು ಉದ್ಧಟತನವೆಂದು ತಿಳಿದು, 'ಮನಸ್ಸು ಹಿಡಿತದಲ್ಲಿ ಇಲ್ಲದವರು ಹೀಗೇ' ಎಂದು ಅದೇ ಮೈಕಿನಲ್ಲಿ ಹೇಳಿ, ಎರಡನೆಯ ಪಿರಿಯಡ್ ಮುಗಿಯುವವರೆಗೆ ಧ್ವಜಸ್ತಂಭದ ಪಕ್ಕ ಬಿಸಿಲಿನಲ್ಲಿ ನಿಲ್ಲಿಸಿದರು. ಸಂಜೆ ಮನೆಗೆ ಬಂದವಳು ಚೀಲ ಇಳಿಸಿ, 'ಅಮ್ಮಾ, ನಾನು ಚೆನ್ನಾಗಿ ಉಸಿರಾಡಲಿಲ್ಲ' ಎಂದಳು. ಹದಿನಾರರ ಹುಡುಗಿಗೆ ಉಸಿರಾಟದಲ್ಲೂ ಫೇಲಾಗುವ ಭಯ ಹುಟ್ಟಿಸಿದ್ದಕ್ಕೆ ಯಾರನ್ನು ಅಭಿನಂದಿಸಬೇಕೋ ತಿಳಿಯದು.

ನಾನು ಧ್ಯಾನದ ವಿರೋಧಿಯಲ್ಲ. ನನ್ನ ತಾಯಿ ಜಪಮಣಿ ಹಿಡಿದೇ ಬದುಕಿದವರು. ಮೈಂಡ್‌ಫುಲ್‌ನೆಸ್ ಎಂದರೆ ಮನಸ್ಸಿಗೆ ಬಂದದ್ದನ್ನು ಬೈಯದೆ ನೋಡುವುದು ಎನ್ನುತ್ತಾರೆ, ಇಲ್ಲಿ ಬಂದದ್ದಕ್ಕೇ ಶಿಕ್ಷೆ. ಬ್ರಿಟನ್ನಿನ 85 ಶಾಲೆಗಳಲ್ಲಿ, ಶಿಕ್ಷಕರಿಗೆ ಮೊದಲು ತರಬೇತಿ ಕೊಟ್ಟು, 11ರಿಂದ 14 ವರ್ಷದ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳೊಂದಿಗೆ ನಡೆಸಿದ ಮೈಂಡ್‌ಫುಲ್‌ನೆಸ್ ಅಧ್ಯಯನದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಮಾಮೂಲಿ ಭಾವನಾತ್ಮಕ ಶಿಕ್ಷಣಕ್ಕಿಂತ ಇದು ಹೆಚ್ಚೇನೂ ಮಾಡಲಿಲ್ಲ, ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಲಿಲ್ಲ. ತರಬೇತಿಯಿದ್ದಲ್ಲಿ ಹೀಗಾದರೆ ಬೆತ್ತವಿದ್ದಲ್ಲಿ ಏನಾದೀತು?

ನಿಯಮ ತಮಗೆ ಗೊತ್ತಿರುವುದೇ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರೊಬ್ಬರಾದರೂ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ನಮ್ಮಲ್ಲಿ ನೂರು ಮಕ್ಕಳು ಒಂದು ಸಾಲಿಗೇ ಇದ್ದಾರೆ, ಆಪ್ತಸಮಾಲೋಚಕರು ಮಾತ್ರ ಇಲ್ಲ. ಗೋಡೆಗೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ರ ಭಿತ್ತಿಪತ್ರ ಅಂಟಿಸಿದ್ದಾರೆ, ಆದರೆ ಕಾಲೇಜಿನೊಳಗೆ ಮೊಬೈಲ್ ತರುವಂತಿಲ್ಲ.

ಆದ್ದರಿಂದ ಒಬ್ಬ ಆಪ್ತಸಮಾಲೋಚಕರನ್ನು ಕೊಡಿ. ಅವರು ಬರುವವರೆಗೆ ಧ್ಯಾನ ಬೇಕಾದವರಿಗೆ ಮಾತ್ರ ಇರಲಿ, ಕಣ್ಣು ತೆರೆದು ಕೂರುವ ಮಗುವನ್ನು ಯಾರೂ ಗದರದಿರಲಿ. ಧ್ವನಿವರ್ಧಕ ಹೊಸದು ಬೇಡ, ಯೋಗ ದಿನಕ್ಕೆ ಟೀ ಶರ್ಟು ಬೇಡ, ತಮ್ಮ ಭಾವಚಿತ್ರವಿರುವ ಬ್ಯಾನರಂತೂ ಬೇಡವೇ ಬೇಡ. ಒಬ್ಬ ಆಪ್ತಸಮಾಲೋಚಕರನ್ನು ಕೊಡಿ.

ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯ ಕಾರ್ಯಸೂಚಿಗೆ ಬರುತ್ತದೆಯೇ ಎಂಬುದಕ್ಕೆ ಹೌದು ಅಥವಾ ಇಲ್ಲ ಎಂದು ಲಿಖಿತ ಉತ್ತರ ಬೇಕು. ಸಭೆಯ ದಿನ ಕೂಲಿ ಬಿಟ್ಟು ಬಂದು ಹೊರಗಿನ ಜಗಲಿಯಲ್ಲಿ ಕೂತಿರುತ್ತೇನೆ.

ಇಂತಿ,
ಪ್ರಥಮ ಪಿಯುಸಿ ವಿದ್ಯಾರ್ಥಿನಿಯೊಬ್ಬಳ ತಾಯಿ