ತೋಡಿಲ್ಲದ ಗಡಿ

ವಾಟರ್ಸ್‌ಮೀಟ್, ಮಿಷಿಗನ್
30 ನವೆಂಬರ್ 2025

ಪ್ರೀತಿಯ ದೊಡ್ಡಪ್ಪನಿಗೆ ಶುಭಳ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಮೊಣಕಾಲುದ್ದ ಹಿಮ ಬಿದ್ದಿದೆ, ಅದು ಬಿಟ್ಟರೆ ತೊಂದರೆ ಏನಿಲ್ಲ. ಹೋದ ಸಲ ಫೋನಿನಲ್ಲಿ "ಅಲ್ಲಿ ಬೇಟೆಗೆ ಲೈಸನ್ಸ್ ಸಿಗ್ತದಂತೆ, ಹೌದಾ?" ಅಂತ ಕೇಳಿದಿರಿ. ಅಷ್ಟರಲ್ಲಿ ಲೈನ್ ಹೋಯಿತು. ಉತ್ತರ ಸ್ವಲ್ಪ ಉದ್ದ, ಅದಕ್ಕೇ ಈ ಪತ್ರ. ಅಮ್ಮನಿಗೆ ಓದಿ ಹೇಳುವಾಗ ನಡುವೆ ಒಂದು ಭಾಗ ಬಿಟ್ಟುಬಿಡಿ. ಯಾವುದು ಅಂತ ನಿಮಗೇ ಗೊತ್ತಾಗುತ್ತದೆ.

ಹೌದು, ಸಿಗುತ್ತದೆ. ಅಂಗಡಿಯಲ್ಲೂ ಸಿಗುತ್ತದೆ, ಮೊಬೈಲಿನಲ್ಲೂ ತೆಗೆದುಕೊಳ್ಳಬಹುದು. ಆದರೆ ದೇಶಕ್ಕೆಲ್ಲ ಒಂದೇ ಅಂತ ಇಲ್ಲ, ಒಂದೊಂದು ರಾಜ್ಯಕ್ಕೆ ಒಂದೊಂದು. ಪಕ್ಕದ ಮನೆಯ ಅಜ್ಜನ ಕಥೆ ಹೇಳಿದರೆ ನಿಮಗೆ ಬೇಗ ಅರ್ಥವಾಗುತ್ತದೆ. ಅವರ ಜಾಗವೂ ನಮ್ಮ ಅಡ್ಯನಡ್ಕದ ತೋಟದ ಹಾಗೆ ಎರಡು ರಾಜ್ಯದಲ್ಲಿದೆ. ಒಟ್ಟು 80 ಎಕರೆ ಕಾಡು. 50 ಮಿಷಿಗನ್‌ನಲ್ಲಿ, 30 ವಿಸ್ಕಾನ್ಸಿನ್‌ನಲ್ಲಿ. ನಮಗಾದರೆ ನಡುವೆ ತೋಡು ಉಂಟು. ಇಲ್ಲಿ ಅದೂ ಇಲ್ಲ. 1847ರಲ್ಲಿ ವಿಲಿಯಂ ಬರ್ಟ್ ಅನ್ನುವ ಸರ್ವೆಯವರು ಕಾಡಿನ ಮಧ್ಯೆ ನೇರ ಗೆರೆ ಎಳೆದು ಹೋದರು. ಅದು ತಪ್ಪು ಅಂತ ಮಿಷಿಗನ್ ರಾಜ್ಯ ದೇಶದ ಸುಪ್ರೀಂ ಕೋರ್ಟಿಗೆ ಹೋಗಿ 1926ರಲ್ಲಿ ಸೋತಿತು. ಅಷ್ಟು ವರ್ಷ ಒಪ್ಪಿಕೊಂಡು ಕೂತಿದ್ದೇ ಸೋಲಿಗೆ ಕಾರಣ. ನಮ್ಮಲ್ಲಿ 1956ರ ನವೆಂಬರ್ ಒಂದಕ್ಕೆ ತೋಡಿನ ಆಚೆಯದು ಕೇರಳ ಆಯ್ತಲ್ಲ, ನಮ್ಮಜ್ಜ ಕೊನೆಯವರೆಗೂ ಗೊಣಗುತ್ತಿದ್ದರು. ಅವರಿಗೆ ಈ ಕಥೆ ಹೇಳಬೇಕಿತ್ತು.

ಈಗ ದುಡ್ಡಿನ ವಿಷಯ. ಅಜ್ಜನ ಮನೆ ಇರುವುದು ಮಿಷಿಗನ್ ಬದಿಯಲ್ಲಿ. ಹಾಗಾಗಿ ಮಿಷಿಗನ್‌ಗೆ ಅವರು ಊರಿನವರು. ಮೂಲ ಲೈಸನ್ಸ್ 11 ಡಾಲರ್, ಜಿಂಕೆಗೆ 20, ಒಟ್ಟು 31ರಲ್ಲಿ ಮುಗಿಯಿತು. ವಿಸ್ಕಾನ್ಸಿನ್‌ನಲ್ಲಿ ಅಲ್ಲಿನವರಿಗೆ ಕೋವಿಯಲ್ಲಿ ಜಿಂಕೆ ಹೊಡೆಯಲು 24 ಡಾಲರ್. ಇವರಿಗೆ 200! ಅದೂ ತಮ್ಮದೇ ಜಾಗದಲ್ಲಿ. ಆ 30 ಎಕರೆಗೆ ವರ್ಷವರ್ಷ ತೆರಿಗೆ ಕಟ್ಟಿದರೂ ಅಲ್ಲಿ ಅವರು ಹೊರಗಿನವರೇ. ಯಾಕೆ ಅಂದರೆ ಇಲ್ಲಿ ಜಾಗ ನಿಮ್ಮದಾದರೂ ಅದರ ಮೇಲೆ ಓಡಾಡುವ ಜಿಂಕೆ ನಿಮ್ಮದಲ್ಲ. ಅದು ಆ ರಾಜ್ಯದ ಜನರದ್ದು. ಮೊಂಟಾನಾ ರಾಜ್ಯ ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಬೇಟೆಗೆ ಹೊರಗಿನವರ ಹತ್ತಿರ ಏಳೂವರೆ ಪಟ್ಟು ವಸೂಲಿ ಮಾಡುತ್ತಿತ್ತು. ಅದರ ಮೇಲೆ ಕೇಸ್ ನಡೆದು 1978ರಲ್ಲಿ ಸುಪ್ರೀಂ ಕೋರ್ಟ್ ಸರಿ ಅಂದಿತು. ನನಗೆ ಈ ವಾದ ಅರ್ಧ ಒಪ್ಪಿಗೆ, ಅರ್ಧ ಇಲ್ಲ. ಅಜ್ಜನಿಗೆ ಪೂರ್ತಿ ಇಲ್ಲ.

ದಿನಗಳೂ ಬೇರೆ. ಮಿಷಿಗನ್‌ನಲ್ಲಿ ಕೋವಿ ಬೇಟೆ ನವೆಂಬರ್ 15ಕ್ಕೆ ಶುರು, ವಾರ ಯಾವುದಾದರೂ ಸರಿ. ವಿಸ್ಕಾನ್ಸಿನ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರದಿಂದ ಒಂಬತ್ತು ದಿನ. ಈ ವರ್ಷ ಅದು 22ಕ್ಕೆ ಬಂತು. ನಡುವಿನ ಒಂದು ವಾರ ಅಜ್ಜ ಅಟ್ಟಣಿಗೆ ಮೇಲೆ ಕೂತು ಆಚೆ ಬದಿ ನೋಡಿದ್ದೇ ಬಂತು. ದೊಡ್ಡ ಕೊಂಬಿನದೊಂದು ಮೂರು ಸಲ ಕಾಣಿಸಿತಂತೆ. ಕೋವಿ ಎತ್ತಲಿಲ್ಲ. ತಾನು ಕೂತದ್ದು ಮಿಷಿಗನ್ ಅಂದರೆ ಸಾಲದು, ಜಿಂಕೆ ಎಲ್ಲಿ ನಿಂತಿದೆ ಅಂತಲೂ ನೋಡಬೇಕು. ಅದಕ್ಕೇ ಗೆರೆಯ ಮರಗಳಿಗೆಲ್ಲ ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿದ್ದಾರೆ. ಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಮಿಷಿಗನ್‌ನ ಉಳಿದ ಭಾಗ ಒಂದು ಗಂಟೆ ಮುಂದೆ, ಗಡಿಯ ನಾಲ್ಕು ಜಿಲ್ಲೆ ವಿಸ್ಕಾನ್ಸಿನ್ ಸಮಯಕ್ಕೆ. ಪುಣ್ಯ!

ಅಮ್ಮನಿಗೆ ಓದಬಾರದ್ದು ಇಲ್ಲಿಂದ. 23ನೇ ತಾರೀಕು ಸಂಜೆ ಒಂದೇ ಒಂದು ಈಡು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅಜ್ಜನ ಫೋನ್: "ಡಾಕ್ಟ್ರೇ, ಸ್ವಲ್ಪ ಬೆಳಕು ಹಿಡೀತೀರಾ?" ಟಾರ್ಚ್ ತಗೊಂಡು ಹೋದೆ. ಅದೇ ಕೊಂಬಿನದ್ದು, ಗೆರೆಯಿಂದ ಆಚೆ ಬಿದ್ದಿತ್ತು. ಅಲ್ಲಿಂದ ಮನೆಯ ದೀಪ ಕಾಣುತ್ತಿತ್ತು, ಇನ್ನೂರು ಹೆಜ್ಜೆ ಇರಬಹುದು. ಎಳೆದುಕೊಂಡು ಹೋದರೆ ಆಯ್ತಲ್ಲ ಅಂದೆ. ಅದೇ ಆಗುವುದಿಲ್ಲವಂತೆ. ಬೇರೆ ರಾಜ್ಯದಲ್ಲಿ ಹೊಡೆದ ಜಿಂಕೆಯನ್ನು ಇಡಿಯಾಗಿ ಮಿಷಿಗನ್ ಒಳಗೆ ತರುವ ಹಾಗಿಲ್ಲ. ತಲೆ, ಬೆನ್ನುಮೂಳೆ ಆಚೆಯೇ ಉಳಿಯಬೇಕು. ಮಾಂಸ, ಕಾಲು, ಚರ್ಮ ತರಬಹುದು. ಕೊಂಬೂ ತರಬಹುದು, ಆದರೆ ಬುರುಡೆಯ ಚೂರಿಗೆ ಮಿದುಳು ಅಂಟಿರಬಾರದು. ಹಿಮದ ಮೇಲೆ ಟಾರ್ಪಾಲ್ ಹಾಸಿ ಎಪ್ಪತ್ತನಾಲ್ಕು ವರ್ಷದ ಅಜ್ಜ ಎರಡು ಗಂಟೆ ಕೆಲಸ ಮಾಡಿದರು. ನಾನು ಟಾರ್ಚ್ ಹಿಡಿದು ನಿಂತೆ. ಕೈ ಮರಗಟ್ಟಿತು. ಆಪರೇಷನ್ ನೋಡಿ ಅಭ್ಯಾಸ ಇರುವುದಕ್ಕೆ ಬಚಾವ್.

ಈ ನಿಯಮ ಸುಮ್ನೆ ಮಾಡಿದ್ದಲ್ಲ. ಜಿಂಕೆಗಳಿಗೆ ಕ್ರಾನಿಕ್ ವೇಸ್ಟಿಂಗ್ ಅಂತ ಒಂದು ಕಾಯಿಲೆ ಇದೆ, ಸೊರಗಿ ಸೊರಗಿ ಸಾಯುತ್ತವೆ. ಅದಕ್ಕೆ ವೈರಸ್ಸೂ ಕಾರಣ ಅಲ್ಲ, ಬ್ಯಾಕ್ಟೀರಿಯಾವೂ ಅಲ್ಲ. ಕೆಟ್ಟು ಮಡಚಿಕೊಂಡ ಒಂದು ಪ್ರೋಟೀನು. ಮಿದುಳು, ಬೆನ್ನುಹುರಿಯಲ್ಲಿ ಜಾಸ್ತಿ ಇರುತ್ತದೆ. ಬೇಯಿಸಿದರೂ ಹೋಗುವುದಿಲ್ಲ, ಮಣ್ಣಿಗೆ ಬಿದ್ದರೆ ವರ್ಷಗಟ್ಟಲೆ ಉಳಿಯುತ್ತದೆ. ವಿಸ್ಕಾನ್ಸಿನ್‌ನಲ್ಲಿ ಮೊದಲು ಕಂಡದ್ದು 2002ರಲ್ಲಿ. ಮನುಷ್ಯರಿಗೆ ಬಂದದ್ದು ಈವರೆಗೆ ಕಂಡಿಲ್ಲ. ಆದರೂ ಜಿಂಕೆಗೆ ಕಾಯಿಲೆ ಇದೆ ಅಂತ ಗೊತ್ತಾದರೆ ಅದರ ಮಾಂಸ ತಿನ್ನಬೇಡಿ ಅನ್ನುತ್ತಾರೆ. ಮರುದಿನ ಅಜ್ಜ ತಲೆಯನ್ನು ವಿಸ್ಕಾನ್ಸಿನ್ ಬದಿಯಲ್ಲೇ ಪರೀಕ್ಷೆಗೆ ಕೊಟ್ಟು ಬಂದರು. ಹೊಡೆದ ಲೆಕ್ಕವನ್ನೂ ಅಲ್ಲಿಗೇ ಒಪ್ಪಿಸಬೇಕು, ಮರುದಿನ ಸಂಜೆ 5ರ ಒಳಗೆ. ಮಿಷಿಗನ್‌ನಲ್ಲಾದರೆ 72 ಗಂಟೆ ಸಮಯ ಇರುತ್ತಿತ್ತು. ಇಷ್ಟೆಲ್ಲ ಯಾರು ನೋಡ್ತಾರೆ ಅಂತ ಕೇಳಿದೆ. ಕಳ್ಳಬೇಟೆಯ ಮಾಂಸ ರಾಜ್ಯದ ಗೆರೆ ದಾಟಿದರೆ ಅದು ದೆಹಲಿ ಮಟ್ಟದ ಕೇಸ್ ಅಂತ ಇಟ್ಟುಕೊಳ್ಳಿ. 1900ರ ಲೇಸಿ ಕಾಯ್ದೆ. ಅಜ್ಜ ಅದಕ್ಕೆ ಹೆದರುವಷ್ಟು ಹೆಂಡತಿಗೂ ಹೆದರುವುದಿಲ್ಲ.

ಓದಬಾರದ್ದು ಇಲ್ಲಿಗೆ ಮುಗಿಯಿತು. ನಿಮ್ಮ ಕೋವಿಯ ಕಥೆ ನಾನು ಅಜ್ಜನಿಗೆ ಹೇಳಿದೆ. ಲೈಸನ್ಸ್ ಇರುವುದು ಬೆಳೆ ಕಾಯಲು, ಬೇಟೆ 1972ರ ವನ್ಯಜೀವಿ ಕಾಯ್ದೆಯಿಂದ ನಿಂತಿದೆ, ಚುನಾವಣೆ ಬಂತೆಂದರೆ ಕೋವಿಯನ್ನು ಸ್ಟೇಷನ್ನಿನಲ್ಲಿ ಇಟ್ಟು ಬರಬೇಕು ಅಂತ. ಕೊನೆಯದನ್ನು ಅವರು ನಂಬಲೇ ಇಲ್ಲ. ಎರಡು ಸಲ ಹೇಳಿಸಿಕೊಂಡರು. 2022ರಿಂದ ಕೇರಳದಲ್ಲಿ ಬೆಳೆ ಹಾಳು ಮಾಡುವ ಕಾಡುಹಂದಿ ಹೊಡೆಯಲು ಪಂಚಾಯತ್ ಅಧ್ಯಕ್ಷರೇ ಅಪ್ಪಣೆ ಕೊಡಬಹುದು, ತೋಡಿನ ಈಚೆ ನಮಗೆ ಹಾಗಿಲ್ಲ ಅಂದಾಗ ಮಾತ್ರ ಜೋರಾಗಿ ನಕ್ಕರು. "ಹಾಗಾದರೆ ನಿಮ್ಮ ದೊಡ್ಡಪ್ಪನಿಗೆ ನನ್ನ ಕಷ್ಟ ಗೊತ್ತಾಗ್ತದೆ" ಅಂದರು.

ದೊಡ್ಡಪ್ಪ, ಒಂದು ಮಾತು. ತೋಡಿನ ಆಚೆ, ಕೇರಳದ ಪೆರ್ಲದ ಬದಿಯ ತೋಟಕ್ಕೆ ಹೋಗುವಾಗ ಕೋವಿ ತಗೊಂಡು ಹೋಗಬೇಡಿ. ಲೈಸನ್ಸಿನಲ್ಲಿ ಯಾವ ಹದ್ದಿನ ತನಕ ಅಂತ ಬರೆದಿರುತ್ತದೆ, ಕನ್ನಡಕ ಹಾಕಿಕೊಂಡು ಒಮ್ಮೆ ನೋಡಿ.

ಇವತ್ತು ಎರಡೂ ರಾಜ್ಯದಲ್ಲಿ ಕೋವಿ ಬೇಟೆಗೆ ಕೊನೆಯ ದಿನ. ಬೆಳಿಗ್ಗೆಯಿಂದ ಒಂದು ಈಡೂ ಕೇಳಿಲ್ಲ. ಅಜ್ಜ ನನ್ನ ಪಾಲು ಅಂತ ಒಂದು ಕಟ್ಟು ಮಾಂಸ ತಂದಿದ್ದರು. ತಿನ್ನುವುದಿಲ್ಲ ಅಂದೆ. ಬೇಜಾರು ಮಾಡಿಕೊಳ್ಳದೆ ವಾಪಸ್ ಹೋಗಿ ಒಂದು ಬಾಟಲಿ ಮೇಪಲ್ ಪಾಕ ತಂದುಕೊಟ್ಟರು. ನೀರುದೋಸೆಗೆ ಹಾಕಿ ತಿಂದೆ. ಜೋನಿಬೆಲ್ಲದ ಮುಂದೆ ಅಷ್ಟಕ್ಕಷ್ಟೇ.

ತೋಡಿನ ಆಚೆಯ ಅಡಿಕೆ ಕೊಯ್ಲು ಆಯ್ತಾ? ಹಂದಿ ಕಾಟ ಹೇಗಿದೆ? ದೊಡ್ಡಮ್ಮನಿಗೆ ನಮಸ್ಕಾರ ಹೇಳಿ.

ಇತಿ ನಿಮ್ಮ ಪ್ರೀತಿಯ,
ಶುಭ