ಯಾರಿಗೆ ಹಾಕೋದು ಸ್ವಾಮಿ?

ಬೆಂಗಳೂರಿನಲ್ಲಿ ಮತ್ತೆ ಪಾಲಿಕೆ ಚುನಾವಣೆಯ ಮಾತು ಎದ್ದಿದೆ. ನಮ್ಮ ಬೀದಿಯಲ್ಲಿ ಯಾರಿಗೂ ಹುರುಪಿಲ್ಲ. ಹೇಗಿರುತ್ತೆ ಹೇಳಿ?

ನಾವು ಆಗಿನ ನಗರ ಪಾಲಿಕೆ ಬಿಬಿಎಂಪಿಗೆ ಕೊನೆಯದಾಗಿ ಮತ ಹಾಕಿದ್ದು 2015ರ ಆಗಸ್ಟ್‌ನಲ್ಲಿ. ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅನ್ನುತ್ತದೆ ಸಂವಿಧಾನ. ಆಗಿದ್ದ ಬಿಜೆಪಿ ಸರ್ಕಾರ 198 ವಾರ್ಡ್‌ಗಳನ್ನು 243 ಮಾಡುತ್ತೇವೆ ಎಂದು ಕಾಲ ತಳ್ಳಿತು. ಆಗ ಕೂಗಾಡಿದ ಕಾಂಗ್ರೆಸ್, 2023ರಲ್ಲಿ ಗೆದ್ದ ಮೇಲೆ ಅದನ್ನು 225ಕ್ಕೆ ಇಳಿಸಿತು. ಅದೂ ಸಾಲದೆ ಊರನ್ನೇ ಐದು ಪಾಲಿಕೆ ಮಾಡಿತು. ಲೆಕ್ಕ ಬದಲಾಯಿತು, ಚುನಾವಣೆ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಈಗ ಕೂಗುವ ಸರದಿ ಬಿಜೆಪಿಯದು, ಅಷ್ಟೇ!

ನಮ್ಮ ಪಾರ್ಕಿನ ಕಲ್ಲುಬೆಂಚಿನ ಮೇಲೆ ಹಳೇ ಕಾರ್ಪೊರೇಟರ್ ಹೆಸರು ಇನ್ನೂ ಇದೆ. ಮೋರಿ ಕಟ್ಟಿಕೊಂಡರೆ ಹೇಳಲು ಆಳಿಲ್ಲ. ಎಂಜಿನಿಯರ್ ಫೋನ್ ಎತ್ತಲ್ಲ, ಶಾಸಕರಿಗೆ ಇದು ಸಣ್ಣ ವಿಷಯ.

2023ರ ವಿಧಾನಸಭೆ ಚುನಾವಣೆಯಲ್ಲಿ ರಾಜ್ಯದಲ್ಲಿ ಶೇ 73ರಷ್ಟು ಮತದಾನವಾದರೆ ಬೆಂಗಳೂರು ಶೇ 55ರ ಆಸುಪಾಸಿನಲ್ಲೇ ನಿಂತಿತು. ಸೋಮಾರಿಗಳು ಅಂತ ಸುಮ್ನೆ ಬೈದರೆ ಆಯಿತೇ? ಯಾರೂ ಬೇಡ ಎನ್ನಲು ನೋಟಾ ಇದೆಯಲ್ಲ ಎನ್ನುವವರೂ ಇದ್ದಾರೆ. ಆದರೆ ಶಾಸಕ, ಸಂಸದರ ಚುನಾವಣೆಯಲ್ಲಿ ನೋಟಾಗೆ ಎಷ್ಟೇ ಜಾಸ್ತಿ ಮತ ಬಿದ್ದರೂ ಗೆಲ್ಲುವುದು ಅಭ್ಯರ್ಥಿಯೇ.

ಮತ ಕೇಳಲು ಮನೆಗೆ ಬರುವ ಎರಡೂ ಕಡೆಯವರಿಗೆ ನನ್ನದು ಒಂದೇ ಪ್ರಶ್ನೆ. ನಿಮ್ಮದೇ ಸರ್ಕಾರ ಚುನಾವಣೆ ಮುಂದೂಡುತ್ತಿದ್ದಾಗ ನೀವು ಒಂದು ದಿನವಾದರೂ ಬಾಯಿ ಬಿಟ್ಟಿದ್ದಿರಾ?

– ಒಬ್ಬ ಮತದಾರ, ಬೆಂಗಳೂರು