ಓ ಆದಮೇಲೆ ಎ: ಮಗಳಿಗೊಂದು ಪತ್ರ

ಪುಟ್ಟೀ,

ನಿನ್ನೆ ನೀನು ಫೋನಿನಲ್ಲಿ ಹೇಳಿದ್ದು ಇನ್ನೂ ಮನಸ್ಸಿನಲ್ಲೇ ಇದೆ. ಕ್ಲಾಸಿನಲ್ಲಿ ಗಟ್ಟಿಯಾಗಿ ಓದುವಾಗ 'ಎಲೆಕ್ಟ್ರೋಎನ್ಸೆಫಲೋಗ್ರಾಮ್' (ಮಿದುಳಿನ ವಿದ್ಯುತ್ತಿನ ದಾಖಲೆ) ಬಂತು, ನಾಲಿಗೆ ತೊಡರಿತು, ಯಾರೋ ನಕ್ಕರು. ನೀನು ಅದರ ಚಿಕ್ಕ ಹೆಸರು 'ಇಇಜಿ' ಅಂದು ಕೂತುಬಿಟ್ಟೆ. ಅದೇನೂ ತಪ್ಪಲ್ಲ, ಡಾಕ್ಟರುಗಳೂ ಹಾಗೇ ಅನ್ನುತ್ತಾರೆ. ಆದರೂ ಆ ಪದವನ್ನು ಬಿಟ್ಟುಕೊಡಬೇಡ ಮಗಳೇ.

ನೀನು ಎಡವಿದ್ದು 'ಟ್ರೋ' ಮುಗಿದು 'ಎನ್' ಶುರುವಾಗುವಲ್ಲಿ ಇರಬೇಕು. ಓ ಆದ ತಕ್ಷಣ ಎ. ಎರಡು ಸ್ವರ ಹೀಗೆ ಮುಖಾಮುಖಿ ಆದರೆ ಕನ್ನಡದ ನಾಲಿಗೆ ಸುಮ್ನೆ ಇರುವುದಿಲ್ಲ. 'ಮನೆ' ಮತ್ತು 'ಅಲ್ಲಿ' ಸೇರಿದರೆ 'ಮನೆಯಲ್ಲಿ', 'ಗುರು' ಮತ್ತು 'ಅನ್ನು' ಸೇರಿದರೆ 'ಗುರುವನ್ನು'. ಇಲ್ಲೂ ನಡುವೆ ಒಂದು 'ವ' ನುಸುಳಲು ನೋಡುತ್ತದೆ. ಓ ಮುಗಿಸಿ, ಚೂರು ನಿಂತು, ಆಮೇಲೆ 'ಎನ್' ಅಂತ ಹೇಳು.

ಈ ಪದ ಹುಟ್ಟಿದಾಗ ಆ ತೊಡಕು ಇರಲಿಲ್ಲ ಗೊತ್ತಾ? ಮನುಷ್ಯನ ಮಿದುಳಿನ ವಿದ್ಯುತ್ತನ್ನು ಮೊದಲು ದಾಖಲಿಸಿದವರು ಜರ್ಮನಿಯ ಹಾನ್ಸ್ ಬರ್ಗರ್, 1924ರಲ್ಲಿ. 1929ರಲ್ಲಿ ಅದನ್ನು ಪ್ರಕಟಿಸಿದಾಗ ಅವರು ಬರೆದದ್ದು 'ಎಲೆಕ್ಟ್ರೆನ್‌ಕೆಫಲೋಗ್ರಾಮ್' ಅಂತ. ಓ ಬಿದ್ದೇಹೋಗಿದೆ! 'ಊರು', 'ಅಲ್ಲಿ' ಸೇರಿ 'ಊರಲ್ಲಿ' ಆಗುವ ನಮ್ಮ ಲೋಪಸಂಧಿಯ ಹಾಗೆಯೇ. ಇಂಗ್ಲಿಷಿನಲ್ಲಿ ಓ ಉಳಿಯಿತು, 'ಕೆ' ಹೋಗಿ 'ಸೆ' ಆಯಿತು.

ಆ 'ಕೆಫಲೇ' ಅಂದರೆ ಗ್ರೀಕಿನಲ್ಲಿ ತಲೆ. 'ಎನ್' ಅಂದರೆ ಒಳಗೆ. ಮಿದುಳಿಗೆ ಗ್ರೀಕರು ಇಟ್ಟ ಹೆಸರು 'ತಲೆಯೊಳಗಿನದು', ಅಷ್ಟೇ. ಎಷ್ಟು ಚೆಂದ ಅಲ್ವಾ? 'ಗ್ರಾಮ್ಮಾ' ಅಂದರೆ ಬರೆದದ್ದು. 'ಎಲೆಕ್ಟ್ರೋನ್' ಅಂದರೆ ಅಂಬರ್, ಅಂದರೆ ಕಲ್ಲಿನಂತೆ ಗಟ್ಟಿಯಾದ ಹಳೆಯ ಮರದ ಅಂಟು. ಅದನ್ನು ಉಜ್ಜಿದರೆ ಒಣಹುಲ್ಲಿನ ಚೂರುಗಳನ್ನು ಎಳೆದುಕೊಳ್ಳುತ್ತದೆ. ವಿದ್ಯುತ್ತಿಗೆ ಆ ಹೆಸರು ಬಂದದ್ದು ಅಲ್ಲಿಂದಲೇ.

ಇನ್ನು ಹೇಳುವ ಬಗೆ. ಕೊನೆಯಿಂದ ಕಟ್ಟುತ್ತಾ ಬಾ: ಗ್ರಾಮ್. ಫಲೋಗ್ರಾಮ್. ಸೆಫಲೋಗ್ರಾಮ್. ಎನ್‌ಸೆಫಲೋಗ್ರಾಮ್. 'ಎಲೆಕ್ಟ್ರೋ' ಎಲ್ಲಕ್ಕಿಂತ ಕೊನೆಗೆ ಸೇರಲಿ. ಹೀಗೆ ಮಾಡಿದರೆ ಮುಂದೆ ಹೋದಷ್ಟೂ ನಿನಗೆ ಆಗಲೇ ಬಾಯಿಗೆ ಬಂದ ಭಾಗವೇ ಸಿಗುತ್ತದೆ, ಹೆದರಿಕೆ ಇರುವುದಿಲ್ಲ. ಒತ್ತು 'ಸೆ' ಮೇಲೆ ಜಾಸ್ತಿ ಬೀಳಲಿ. 'ಫ'ವನ್ನು ಮೇಲಿನ ಹಲ್ಲು ಕೆಳತುಟಿಗೆ ತಾಗಿಸಿ ಹೇಳು. ಹಳೆಯ ಗ್ರೀಕರು ಮಾತ್ರ ಅದನ್ನು ನಮ್ಮ 'ಫಲ'ದ ಫ ತರಹವೇ ಅನ್ನುತ್ತಿದ್ದರು!

ಆಕ್ಟೋಪಸ್ ಇರುವ ಗುಂಪಿಗೆ 'ಸೆಫಲೋಪಾಡ್' ಅನ್ನುತ್ತಾರೆ. 'ಪಾಡ್' ಬಂದದ್ದು ಕಾಲು ಅನ್ನುವ ಗ್ರೀಕ್ ಪದದಿಂದ. ಆ ಹೆಸರು ಯಾಕೆ ಅಂತ ಅದರ ಚಿತ್ರ ನೋಡಿ ನೀನೇ ಹೇಳು, ಭಾನುವಾರ ಫೋನ್ ಮಾಡಿದಾಗ.

ನಿನ್ನ ಅಮ್ಮ